ಮಿರ್ಚಿ ಬಾಣಲೆಗೆ ತಟ್ಟಿದ ಯುದ್ಧ

2022ರ ಮಾರ್ಚ್‌ನಲ್ಲಿ ದಾವಣಗೆರೆಯ ನಮ್ಮ ಬೀದಿಯ ಮಂಡಕ್ಕಿ ಮಿರ್ಚಿ ಅಂಗಡಿ ಅಜ್ಜ ಎಣ್ಣೆ ಪ್ಯಾಕೆಟ್ ಕತ್ತರಿಸಿ, ಕೊನೇ ಹನಿವರೆಗೂ ಬಾಣಲೆಗೆ ಹಿಂಡುತ್ತಿದ್ದರು. ‘ಯುದ್ಧ ಅಲ್ಲೆಲ್ಲೋ ಆದ್ರೆ ಇಲ್ಲಿ ಯಾಕಪ್ಪಾ ರೇಟು ಏರುತ್ತೆ?’ ಅಂದರು. ನಾವು ತರಿಸುವ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನ ಪಾಲು ಉಕ್ರೇನ್, ರಷ್ಯಾದಿಂದಲೇ ಬರುತ್ತಿತ್ತು. ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಮಾಡಿತು, ಉಕ್ರೇನಿನ ಬಂದರುಗಳಿಂದ ಹಡಗು ಹೊರಡುವುದೇ ನಿಂತಿತು.

ನನಗೆ ಭಯ ಆಗೋದು ಯುದ್ಧ ಹಬ್ಬುವ ರೀತಿ ನೋಡಿ. 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆ ಆಯಿತು. ಆಸ್ಟ್ರಿಯಾ ಸರ್ಬಿಯಾ ಮೇಲೆ ಬಿತ್ತು, ಸರ್ಬಿಯಾ ಪರ ರಷ್ಯಾ, ಆಸ್ಟ್ರಿಯಾ ಪರ ಜರ್ಮನಿ, ಆಮೇಲೆ ಫ್ರಾನ್ಸ್, ಬ್ರಿಟನ್ ಹೀಗೆ ಒಬ್ಬರ ಹಿಂದೆ ಒಬ್ಬರು ಇಳಿದು ಆರೇ ವಾರದೊಳಗೆ ಯುರೋಪ್ ಹೊತ್ತಿ ಉರಿಯಿತು. ಅದೇ ಮೊದಲ ಮಹಾಯುದ್ಧ. ಕೊಲೆ ಬರೀ ಕಿಡಿ. ಒಪ್ಪಂದಗಳು, ಶಸ್ತ್ರಾಸ್ತ್ರದ ಪೈಪೋಟಿ, ವಸಾಹತುಗಳ ಆಸೆ, ಈ ಒಣ ಹುಲ್ಲನ್ನು ವರ್ಷಗಟ್ಟಲೆ ಪೇರಿಸಿಟ್ಟಿದ್ದರು ಅಲ್ವಾ?

ಆಗ ನಮ್ಮೂರು ಮೈಸೂರು ಸಂಸ್ಥಾನದಲ್ಲಿತ್ತು. ಸಂಸ್ಥಾನದ ಕುದುರೆ ಸವಾರರು 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾದಲ್ಲಿ (ಈಗಿನ ಇಸ್ರೇಲ್‌ನ ಬಂದರು ನಗರ) ಬ್ರಿಟಿಷರ ಪರ ಹೋರಾಡಿದರು. ಅದೇ ವರ್ಷ ಸೈನಿಕರ ಓಡಾಟದ ಜೊತೆಗೇ ಇನ್‌ಫ್ಲುಯೆಂಜಾ ಜ್ವರ ಬಂತು, ಭಾರತದಲ್ಲೇ ಕೋಟಿಗೂ ಜಾಸ್ತಿ ಜನ ಸತ್ತರು.

ಅಜ್ಜನಿಗೆ ಇಷ್ಟೂ ಹೇಳಿದೆ. ಅವರು ಉರಿ ಸಣ್ಣ ಮಾಡಿ, ‘ಅಲ್ಲಿನ ಮಕ್ಕಳು ಏನು ತಿಂತಾವೋ’ ಅಂದರು.