ಬೆಸ ನಂಬರಿನ ಪಾರ್ಸಲ್‌ಗಳು ಎಲ್ಲಿ ಹೋದವು?

ಒಂದು ಪಾರ್ಸಲ್ ಕಂಪನಿಗೆ ನಾನು ಸಾಫ್ಟ್‌ವೇರ್ ಬರೆಯುತ್ತೇನೆ. ಒಂದು ದಿನ ಬೆಳಿಗ್ಗೆ ಗೋದಾಮಿನ ಹುಡುಗ ಫೋನ್ ಮಾಡಿದ. "ಮೇಡಂ, ಮೂರು ಡಬ್ಬಕ್ಕೂ ಒಂದೇ ನಂಬರ್ ತೋರಿಸ್ತಿದೆ." ಡೇಟಾಬೇಸ್ ತೆಗೆದು ನೋಡಿದೆ. ಮೂರಕ್ಕೂ ಬೇರೆ ಬೇರೆ ನಂಬರ್ ಇತ್ತು. ಸ್ಕ್ಯಾನರ್ ಗಾಜು ಒರೆಸಿ ನೋಡಪ್ಪ ಅಂತ ಹೇಳಿ ಫೋನ್ ಇಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಎರಡು ದಿನ ಕೋಡ್ ಸಾಲು ಸಾಲಾಗಿ ಓದಿದೆ. ಏನೂ ಸಿಗಲಿಲ್ಲ. ಮೂರನೇ ದಿನ ಕಂಪ್ಯೂಟರ್ ಪಕ್ಕಕ್ಕಿಟ್ಟು ಒಂದು ಹಾಳೆ ತೆಗೆದುಕೊಂಡೆ. ಎಡಕ್ಕೆ ಡೇಟಾಬೇಸಿನ ನಂಬರ್, ಬಲಕ್ಕೆ ಸ್ಕ್ರೀನಿನಲ್ಲಿ ಕಂಡ ನಂಬರ್. ನಮ್ಮದು 17 ಅಂಕಿಯ ನಂಬರ್: ಶಾಖೆಯ ಕೋಡ್, ತಾರೀಖು, ಆಮೇಲೆ ಕ್ರಮಸಂಖ್ಯೆ.

ಎಡಕ್ಕೆ 10240312000000003, ಬಲಕ್ಕೆ 10240312000000004. ಅದರ ಮುಂದಿನದು 4, ಅದು 4 ಆಗಿಯೇ ಇತ್ತು. 5 ಕೂಡ 4 ಆಗಿತ್ತು. 6 ಸರಿಯಾಗಿತ್ತು. 7, 8, 9 ಮೂರೂ 8. ಇಪ್ಪತ್ತು ಸಾಲು ಬರೆಯುವಷ್ಟರಲ್ಲಿ ಕಣ್ಣಿಗೆ ಹೊಡೆಯಿತು: ಬಲಗಡೆ ಒಂದೇ ಒಂದು ಬೆಸ ಸಂಖ್ಯೆ ಇಲ್ಲ! ಅಷ್ಟೇ ಅಲ್ಲ, ತಪ್ಪಾದ ಪ್ರತಿ ನಂಬರೂ ನಾಲ್ಕರ ಮಗ್ಗಿಯಲ್ಲೇ ಹೋಗಿ ಕೂತಿದೆ. ಗಾಜಿನ ಮೇಲಿನ ಧೂಳು ಇಷ್ಟು ಲೆಕ್ಕಾಚಾರವಾಗಿ ತಪ್ಪು ಮಾಡಲ್ಲ, ಅಲ್ವಾ?

ನಮ್ಮ ಆ್ಯಪ್ ಬರೆದ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್. ಅದರಲ್ಲಿ ಮಾಮೂಲಿ ನಂಬರ್‌ಗೆ ಸಿಗುವುದು 53 ಬಿಟ್‌ನಷ್ಟು ನಿಖರತೆ (ಬಿಟ್ ಅಂದರೆ 0 ಅಥವಾ 1 ಆಗಿರುವ ಒಂದು ಅಂಕಿ). 2ರ 53ನೇ ಘಾತ, ಅಂದರೆ 9007199254740992ರ ತನಕ ಎಲ್ಲ ಪೂರ್ಣಾಂಕಕ್ಕೂ ಜಾಗ ಇದೆ. ಅದು ದಾಟಿದರೆ ಸಮ ಸಂಖ್ಯೆಗೆ ಮಾತ್ರ ಜಾಗ. 54ನೇ ಘಾತ ದಾಟಿದರೆ ನಾಲ್ಕರ ಗುಣಕಕ್ಕೆ ಮಾತ್ರ. ನಮ್ಮ ನಂಬರ್‌ಗಳು ಈ ಎರಡು ಘಾತಗಳ ನಡುವೆ ಇದ್ದವು. ಬೆಸ ಸಂಖ್ಯೆ ಎರಡು ಸಮ ಸಂಖ್ಯೆಗಳ ನಟ್ಟನಡುವೆ ಸಿಕ್ಕಿಬೀಳುತ್ತದಲ್ಲ, ಆಗ ಉಳಿಸಿಕೊಳ್ಳುವ 53 ಬಿಟ್‌ಗಳಲ್ಲಿ ಕೊನೆಯದು ಸೊನ್ನೆ ಇರುವ ಕಡೆಗೆ ಜಾರಬೇಕು ಅನ್ನೋದು ನಿಯಮ. ನಮ್ಮ ಲೆಕ್ಕದಲ್ಲಿ ಆ ಕಡೆ ಅಂದರೆ ನಾಲ್ಕರ ಗುಣಕ. ಹಾಗಾಗಿ 3, 4, 5 ಮೂರೂ ಒಂದೇ ಮನೆಗೆ ಹೋದವು. 6 ಒಂಟಿಯಾಗಿ ಉಳಿಯಿತು. ನಾವು ಟೆಸ್ಟ್ ಮಾಡಿದ್ದೆಲ್ಲ ಐದಂಕಿಯ ನಂಬರ್ ಇಟ್ಟುಕೊಂಡು. ಎಲ್ಲಿಂದ ಗೊತ್ತಾಗಬೇಕು!

ಆ ರಾತ್ರಿ ಸುಮ್ನೆ ಕುತೂಹಲಕ್ಕೆ 9007199254740991 ಅನ್ನು ಒಡೆದು ನೋಡಿದೆ. 53 ಅವಿಭಾಜ್ಯ. ಆದರೆ 2ರ 53ನೇ ಘಾತದಲ್ಲಿ ಒಂದು ಕಳೆದರೆ ಬರುವ ಇದು ಅಲ್ಲ. 6361, 69431, 20394401 ಗುಣಿಸಿದರೆ ಬರುತ್ತದೆ. ಈ ಮೂರರಲ್ಲಿ ಯಾವುದನ್ನು 53ರಿಂದ ಭಾಗಿಸಿದರೂ ಶೇಷ 1. ಕೆಲಸಕ್ಕೆ ಬರುವ ವಿಷಯವಲ್ಲ, ಆದರೂ ಖುಷಿಯಾಯಿತು.

ರಿಪೇರಿಗೆ ಅರ್ಧ ಗಂಟೆ ಸಾಕಾಯಿತು. ಸರ್ವರ್‌ನಿಂದ ಪಾರ್ಸಲ್ ನಂಬರನ್ನು ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ, ಕಳಿಸಿದೆವು. ಎಷ್ಟು ದೊಡ್ಡ ಪೂರ್ಣಾಂಕವನ್ನೂ ತಪ್ಪಿಲ್ಲದೆ ಹಿಡಿಯುವ ಜಾವಾಸ್ಕ್ರಿಪ್ಟ್‌ನ ಬಿಗ್‌ಇಂಟ್ ಬಳಸೋಣ ಅಂದರು ಒಬ್ಬರು. ಬೇಡ ಅಂದೆ. ಕೂಡಿಸಿ ಕಳೆಯದ ನಂಬರ್ ನನ್ನ ಪ್ರಕಾರ ಒಂದು ಹೆಸರು ಅಷ್ಟೇ. ಟ್ವಿಟರ್‌ನವರೂ 2010ರಲ್ಲೇ ಇದೇ ಕಾರಣಕ್ಕೆ ಪ್ರತಿ ಟ್ವೀಟ್‌ನ ನಂಬರನ್ನು ಸ್ಟ್ರಿಂಗ್ ರೂಪದಲ್ಲೂ ಕೊಡಲು ಶುರುಮಾಡಿದ್ದರು.

ಸರಿಹೋಯಿತು ಅಂತ ಹೇಳಲು ವಾಟ್ಸಾಪ್ ತೆರೆದೆ. ಫೋನ್ ಮಾಡುವ ಹಿಂದಿನ ರಾತ್ರಿಯೇ ಆ ಹುಡುಗ ಕಳಿಸಿದ್ದ ಮೆಸೇಜ್ ಹಾಗೇ ಬಿದ್ದಿತ್ತು: "ಮೇಡಂ, ಹೊಸ ಆ್ಯಪ್ ಹಾಕಿದಾಗಿಂದ ಬೆಸ ನಂಬರ್ ಒಂದೂ ಬರ್ತಿಲ್ಲ. ಯಾಕೆ?"