ಕೈ ಕೊಡ್ಲಾ?

ಮಂಗಳವಾರ ಸಂಜೆ ಮಾತ್ರೆ ಡಬ್ಬಿಯ ಮುಚ್ಚಳ ಮಂಚದ ಕೆಳಗೆ ಉರುಳಿ ಹೋಯಿತು. ನೆಲದ ಮೇಲೆ ಕೂತು, ಬಗ್ಗಿ, ಪೊರಕೆ ಕಡ್ಡಿಯಲ್ಲಿ ಎಳೆದೆ. ಮುಚ್ಚಳ ಸಿಕ್ಕಿತು. ಏಳುವುದೇ ಕಷ್ಟವಾಯಿತು.

ಮೊದಲು ಬಲಗೈ ಊರಿದೆ. ಆಮೇಲೆ ಮಂಡಿ. ಆಮೇಲೆ ಎಡಗೈಯಲ್ಲಿ ಮಂಚದ ಅಂಚು ಹಿಡಿದೆ. ಬಾಯಿಂದ 'ಅಯ್ಯಪ್ಪಾ' ಅಂತ ತಾನಾಗಿ ಬಂತು. ತಂಗಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದಳು.

"ದೊಡ್ಡಮ್ಮ, ಕೈ ಕೊಡ್ಲಾ?"

"ಬೇಡ."

ನಡೆದದ್ದು ಇಷ್ಟೇ. ಆದರೆ ವಾರವೆಲ್ಲ ಅದೇ ಕಣ್ಣ ಮುಂದೆ. ಮಣಿಕಟ್ಟಿಗೆ ಕೂದಲಿನ ಕಪ್ಪು ರಬ್ಬರ್ ಬ್ಯಾಂಡ್ ಸುತ್ತಿದ್ದ ಆ ಕೈ. ಕೇಳಿ ಮುಗಿಯುವ ಮೊದಲೇ ಹಾರಿ ಬಂದ ನನ್ನ 'ಬೇಡ'. ನನಗೆ ಐವತ್ತಾರು, ತೊಂಬತ್ತಲ್ಲ.

ತಮಾಷೆ ಅಂದ್ರೆ ಅದಕ್ಕೆ ಎರಡು ದಿನ ಮೊದಲಷ್ಟೇ ನಾನು ಪಾಸಾಗಿದ್ದೆ. 'ಮುಪ್ಪಿಗೆ ನೀವೆಷ್ಟು ಸಿದ್ಧ?' ಅಂತ ಒಂದು ಪ್ರಶ್ನಾವಳಿಯನ್ನು ನನ್ನ ತಮ್ಮ ಕಳಿಸಿದ್ದ. ಉಳಿತಾಯ ಇದೆಯಾ, ವಿಮೆ ಇದೆಯಾ, ನಾಮಿನಿ ಹೆಸರು ಹಾಕಿದ್ದೀರಾ, ವಿಲ್ ಬರೆದಿದ್ದೀರಾ. ಇಪ್ಪತ್ತಕ್ಕೆ ಹದಿನೆಂಟು ಬಂತು. ತಮ್ಮನಿಗೆ ಹತ್ತೊಂಬತ್ತು. ಅವನು ಒಳ್ಳೆಯವನೇ, ಆದರೆ ಅವನ ಲೆಕ್ಕದಲ್ಲಿ ಮುಪ್ಪು ಅಂದರೆ ಒಂದು ಫೈಲು. ಕಾಗದ ಸರಿಯಾಗಿ ಜೋಡಿಸಿಟ್ಟರೆ ಮುಗೀತು. ಶೂ ಲೇಸು ಕಟ್ಟಿಕೊಳ್ಳಲು ಅವನು ಕುರ್ಚಿ ಹುಡುಕುವುದನ್ನು ನಾನೇ ನೋಡಿದ್ದೇನೆ.

ಕೈ ಚಾಚಿದ ನಮ್ಮ ಹುಡುಗಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಸುಮ್ನೆ ಬಿಡುವ ಪೈಕಿ ಅಲ್ಲ. ನಾನು ಮಂಚದ ಮೇಲೆ ಕೂತು ಉಸಿರು ಬಿಡುವ ಹೊತ್ತಿಗೆ "ಐದೂವರೆ" ಅಂದಳು. ಏನು ಐದೂವರೆ? ಬ್ರೆಜಿಲ್‌ನ ವೈದ್ಯರು ಮಾಡಿದ ಒಂದು ಪರೀಕ್ಷೆ ಇದೆಯಂತೆ. ನೆಲಕ್ಕೆ ಕೂರುವುದಕ್ಕೆ ಐದು ಅಂಕ, ಏಳುವುದಕ್ಕೆ ಐದು. ಕೈಯೋ ಮಂಡಿಯೋ ಊರಿದರೆ ಒಂದೊಂದು ಅಂಕ ಕಟ್, ತೂರಾಡಿದರೆ ಅರ್ಧ. 51ರಿಂದ 80 ವಯಸ್ಸಿನ 2,002 ಜನರನ್ನು ಹೀಗೆ ಕೂರಿಸಿ ಎಬ್ಬಿಸಿ, ಸುಮಾರು ಆರು ವರ್ಷ ಗಮನಿಸಿ, 2012ರಲ್ಲಿ ಪ್ರಕಟಿಸಿದರು. ಅಂಕ ಕಡಿಮೆ ಇದ್ದವರಲ್ಲಿ ಆ ಅವಧಿಯಲ್ಲಿ ತೀರಿಕೊಂಡವರು ಜಾಸ್ತಿ. "ಹಾಗಂತ ಅಂಕ ನೋಡಿ ಆಯಸ್ಸು ಹೇಳೋಕಾಗಲ್ಲ, ಹೆದರಬೇಡ" ಅಂದಳು. ಹೆದರಿಸಿ ಆದ ಮೇಲೆ ಎಲ್ಲರೂ ಹೇಳುವ ಮಾತು ಅದು.

ನಮ್ಮವರಿಗೆ ಖುಷಿಯೋ ಖುಷಿ. ಅವರನ್ನು ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲಿಸಿದಳು. 2022ರ ಇನ್ನೊಂದು ಅಧ್ಯಯನದಲ್ಲಿ 51ರಿಂದ 75ರ ನಡುವಿನ 1,702 ಜನರಲ್ಲಿ ಐವರಲ್ಲಿ ಒಬ್ಬರಿಗೆ ಅದು ಆಗಿರಲಿಲ್ಲವಂತೆ. ಇವರು ಆರನೇ ಸೆಕೆಂಡಿಗೇ ಕಾಲು ಕೆಳಗಿಟ್ಟು, "ಚಪ್ಪಲಿ ಜಾರುತ್ತೆ" ಅಂದರು. ಬರಿಗಾಲಲ್ಲಿದ್ದರು.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಬ್ಯಾಂಕಿನಲ್ಲಿ ಹೀಗೆ ಕರಗಿದ್ದರೆ ತಮ್ಮ ಅದೇ ದಿನ ಫೋನ್ ಮಾಡುತ್ತಿದ್ದ. ಇದಕ್ಕೆ ಸ್ಟೇಟ್‌ಮೆಂಟೇ ಬರುವುದಿಲ್ಲ. ಮುಚ್ಚಳ ಉರುಳಿದ ದಿನ ಗೊತ್ತಾಗುತ್ತದೆ ಅಷ್ಟೆ. ಸಮಾಧಾನದ ವಿಷಯವೂ ಒಂದಿದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವೃದ್ಧಾಶ್ರಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿಗೆ ಭಾರ ಎತ್ತಿಸಿದರು. ಕೊನೆಯವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ! ಇದನ್ನು ಕೇಳಿದ ಮೇಲೆ 'ವಯಸ್ಸಾಯ್ತಲ್ಲ' ಅಂತ ಹೇಳುವ ಹಕ್ಕನ್ನೂ ಕಳೆದುಕೊಂಡೆ.

ಕಾಲಿಗೆ ಏನೋ ದಾರಿ ಇದೆ ಅಂತಾಯಿತು. ಆ 'ಬೇಡ'ಕ್ಕೆ ಏನು ಮಾಡುವುದು?

ರಾತ್ರಿ ಮಲಗಿದಾಗ ಹೊಳೆಯಿತು, ಅದು ನನ್ನ ದನಿಯೇ ಅಲ್ಲ. ಅಮ್ಮನದು. ಅಮ್ಮನಿಗೆ ಕಿವಿ ಮಂದವಾದಾಗ ಮೆಷಿನ್ ತಂದುಕೊಟ್ಟಿದ್ದೆವು. "ಬೇಡ" ಅಂದಳು, ಹೀಗೆಯೇ, ಥಟ್ಟಂತ. ಮೆಷಿನ್ ಡಬ್ಬಿಯಲ್ಲೇ ಉಳಿಯಿತು. ನಾಲ್ಕು ಜನ ಕೂತು ಮಾತಾಡುವಾಗ ಅಮ್ಮ ಎಲ್ಲರ ಮುಖ ನೋಡಿ ನಗುತ್ತಿದ್ದಳು, ಒಂದು ಕ್ಷಣ ತಡವಾಗಿ. "ಏನಂದ್ರಿ?" ಅಂತ ಕೇಳಿದರೆ ನಾವು "ಏನಿಲ್ಲ ಬಿಡು" ಅನ್ನುತ್ತಿದ್ದೆವು. ಎಷ್ಟು ಸಲ ಅಂದಿದ್ದೇವೋ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಮರೆವು ಶುರುವಾಗಿದ್ದು ಅದಾದ ಮೇಲೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಮರೆಗುಳಿತನಕ್ಕೆ ಕಾರಣವಾಗಬಹುದಾದ, ನಾವು ಏನಾದರೂ ಮಾಡಬಹುದಾದ 14 ಅಂಶಗಳನ್ನು ಹೇಳುತ್ತದೆ. ಕಿವಿ ಕೇಳಿಸದಿರುವುದು ಅದರಲ್ಲಿ ಒಂದು. ಅಮ್ಮನ ಮರೆವಿಗೆ ಅದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಇಷ್ಟು ವರ್ಷ ಅವಳ 'ಬೇಡ'ವನ್ನು ಬೈದುಕೊಂಡೆ, ನಮ್ಮ 'ಏನಿಲ್ಲ ಬಿಡು'ವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಎದ್ದು ಆ ಪ್ರಶ್ನಾವಳಿ ಮತ್ತೆ ತೆಗೆದೆ. ಹದಿನೇಳನೆಯ ಪ್ರಶ್ನೆ: 'ಅಗತ್ಯ ಬಿದ್ದರೆ ನಿಮ್ಮನ್ನು ನೋಡಿಕೊಳ್ಳುವವರು ಇದ್ದಾರೆಯೇ?' ನಾನು 'ಹೌದು' ಅಂತ ಗುರುತು ಹಾಕಿದ್ದೆ. ಯಾರನ್ನು ಕೇಳಿ? ಹಾಕುವಾಗ ಮನಸ್ಸಿನಲ್ಲಿ ಇದ್ದದ್ದು ಇದೇ ಹುಡುಗಿ. ಅವಳಿಗೆ ಒಂದು ಮಾತೂ ಹೇಳಿಲ್ಲ. ಎರಡು ದಿನ ಕಳೆದು ಅವಳಾಗಿ ಕೈ ಚಾಚಿದರೆ ನಾನು ಮಂಚ ಹಿಡಿದುಕೊಂಡೆ.

ಈಗ ದಿನಾ ಬೆಳಗ್ಗೆ ಐದು ಸಲ ನೆಲಕ್ಕೆ ಕೂತು ಏಳುತ್ತಿದ್ದೇನೆ. ನಾಲ್ಕು ದಿನಕ್ಕೆ ಪವಾಡ ಏನೂ ಆಗಿಲ್ಲ, ತೊಡೆ ನೋವು ಮಾತ್ರ ಬಂದಿದೆ. ಮುಂದಿನ ವಾರ ಕಿವಿ ಪರೀಕ್ಷೆಗೂ ಹೋಗಬೇಕು. ಟಿವಿ ಸೌಂಡ್ ಜಾಸ್ತಿ ಅಂತ ಮನೆಯಲ್ಲಿ ಗೊಣಗಾಟ ಶುರುವಾಗಿ ಆರು ತಿಂಗಳಾಯಿತು.

ಇವತ್ತು ಐದನೇ ಸಲ ಏಳುವಾಗ ಸುಸ್ತಾಗಿ ಹಾಗೇ ಕೂತೆ. ಅವಳು ಫೋನ್ ನೋಡುತ್ತಾ ಪಕ್ಕದಲ್ಲೇ ನಿಂತಿದ್ದಳು. ಕೈ ಚಾಚಿ "ಕೈ ಕೊಡೇ" ಅಂದೆ.

ಫೋನಿನಿಂದ ಕಣ್ಣೆತ್ತಿದಳು. "ಹಿಡ್ಕೊಂಡ್ರೆ ಒಂದು ಮಾರ್ಕು ಹೋಗತ್ತೆ, ದೊಡ್ಡಮ್ಮ."

"ಹೋಗ್ಲಿ ಬಾ" ಅಂದೆ.