ಡಂಪ್ ಕೇಳಿದವರಿಗೆ ಕೆಟ್ಟ ಲ್ಯಾಬ್: ಸಿಸಿಎನ್‌ಎ ಕಟ್ಟು, 6ನೇ ವಾರದವರೆಗೆ

ಸಿಸಿಎನ್‌ಎ ಎಂದರೆ ನೆಟ್‌ವರ್ಕಿಂಗ್ ಕಂಪನಿ ಸಿಸ್ಕೊ ನಡೆಸುವ ಸರ್ಟಿಫಿಕೇಟ್ ಪರೀಕ್ಷೆ, ಅದರ ಕೋಡ್ 200-301. ಅದಕ್ಕೆ ಓದುವ ಹೊಸಬರಿಗಾಗಿ ನಾವು ಕಟ್ಟುತ್ತಿರುವ ಅಭ್ಯಾಸದ ಲ್ಯಾಬ್‌ಗಳ ವರದಿ ಇದು. ಈಗಿನ ಲೆಕ್ಕ: 14 ಲ್ಯಾಬ್ ಮುಗಿದಿವೆ, 3 ರಿಪೇರಿಯಲ್ಲಿವೆ, 2 ಕೈಬಿಟ್ಟಾಗಿದೆ. ಎಲ್ಲವೂ ಪ್ಯಾಕೆಟ್ ಟ್ರೇಸರ್ (ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ಓಡಿಸಿ ನೋಡುವ ಸಿಸ್ಕೊ ತಂತ್ರಾಂಶ) ಫೈಲುಗಳು. ಪ್ರತಿಯೊಂದರಲ್ಲೂ ಸರಿಯಾಗಿ ಓಡುತ್ತಿದ್ದ ಪುಟ್ಟ ನೆಟ್‌ವರ್ಕ್ ಒಂದನ್ನು ಬೇಕಂತಲೇ ಕೆಡಿಸಿಟ್ಟಿದೆ. ಬಿಡಿಸುವವರಿಗೆ 20ರಿಂದ 30 ನಿಮಿಷ ಸಾಕು. "ಸರ್, 200-301 ಡಂಪ್ಸ್ ಇದ್ರೆ ಕಳ್ಸಿ" ಎಂದು ಪರೀಕ್ಷೆಯಿಂದ ಸೋರಿದ ಪ್ರಶ್ನೆಗಳನ್ನು ಕೇಳುವ ಹೊಸಬರಿಗೆ ಬೈಗುಳದ ಬದಲು ಕೈಗೆ ಕೊಡಲು ಏನಾದರೂ ಇರಲಿ ಎಂದು ಈ ಕಟ್ಟು ಶುರುವಾಯಿತು.

1ನೇ ವಾರ: ಲ್ಯಾಬ್‌ಗಿಂತ ಮೊದಲು ಉತ್ತರ

ಮೊದಲ ವಾರ ಒಂದೂ ಲ್ಯಾಬ್ ಆಗಲಿಲ್ಲ. ಡಂಪ್ ಕೇಳಿದವರಿಗೆ ಏನು ಹೇಳಬೇಕು ಎಂಬುದನ್ನು ಬರೆದು ತಿದ್ದುವುದರಲ್ಲೇ ವಾರ ಹೋಯಿತು. ಆ ಕೆಲಸ ಮೊದಲೇ ಆಗಿದ್ದು ಒಳ್ಳೆಯದಾಯಿತು.

ಸ್ಟಡಿ ಗ್ರೂಪುಗಳಲ್ಲಿ ಹಳಬರ ಉತ್ತರ ಸಾಮಾನ್ಯವಾಗಿ ಎರಡು ಬಗೆ. ಒಂದು, "ನಾಚಿಕೆ ಆಗಲ್ವಾ, ಓದಿ ಬರಿ". ಇನ್ನೊಂದು, ಮಾತಿಲ್ಲದೆ ಗ್ರೂಪಿನಿಂದ ತೆಗೆದುಹಾಕುವುದು. ಎರಡರಿಂದಲೂ ಕೇಳಿದವರು ಡಂಪ್ ಬಿಡುವುದಿಲ್ಲ. ಪ್ರಶ್ನೆ ಕೇಳುವುದನ್ನಷ್ಟೇ ಬಿಡುತ್ತಾರೆ. ನೂರಾರು ರೂಪಾಯಿ ಕೊಟ್ಟು ಇನ್ನೆಲ್ಲೋ ಪಿಡಿಎಫ್ ಕೊಳ್ಳುತ್ತಾರೆ.

ನಮ್ಮ ಕಡೆ ಇದಕ್ಕೊಂದು ಹಿನ್ನೆಲೆಯೂ ಇದೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಆಮೇಲೆ ವಿಟಿಯು, ಎಲ್ಲೇ ಆಗಲಿ ಪರೀಕ್ಷೆಗೆ ಮುಂಚೆ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣ. ಮೇಷ್ಟ್ರೇ ಬಿಡಿಸಿ ಅಂತಾರೆ, ಪುಸ್ತಕದಂಗಡಿಯಲ್ಲಿ ಕಟ್ಟು ಕಟ್ಟು ಸಿಗುತ್ತವೆ. ಆ ಅಭ್ಯಾಸದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ "ಡಂಪ್" ಅಂದರೆ ಹಳೇ ಪೇಪರ್‌ನ ಇಂಗ್ಲಿಷ್ ಹೆಸರು, ಅಷ್ಟೆ. ಕಳ್ಳತನಕ್ಕೆ ಬಂದವರಂತೆ ಅವರನ್ನು ನಡೆಸಿಕೊಂಡರೆ ಯಾವ ತಪ್ಪಿಗೆ ಬೈಸಿಕೊಂಡೆವು ಎಂಬುದೂ ಅವರಿಗೆ ತಿಳಿಯುವುದಿಲ್ಲ.

ಆದ್ದರಿಂದ ಉತ್ತರ ಆ ವ್ಯತ್ಯಾಸದಿಂದಲೇ ಶುರುವಾಗಬೇಕು. ವಿಟಿಯು ಪತ್ರಿಕೆ ಪರೀಕ್ಷೆ ಮುಗಿದ ಮೇಲೆ ಎಲ್ಲರದು. ಮುಂದಿನ ಸಲ ಹೊಸ ಪತ್ರಿಕೆ ತಯಾರಾಗುತ್ತದೆ. ಸಿಸಿಎನ್‌ಎ ಹಾಗಲ್ಲ. ಒಂದೇ ಪ್ರಶ್ನೆಗಳ ಗುಂಪಿನಿಂದ ತಿಂಗಳುಗಟ್ಟಲೆ ಪರೀಕ್ಷೆ ನಡೆಯುತ್ತದೆ. ಮೊದಲ ಪ್ರಶ್ನೆ ಕಾಣುವ ಮುಂಚೆಯೇ ಗೋಪ್ಯತೆಯ ಒಪ್ಪಂದಕ್ಕೆ ಒಪ್ಪಿಗೆ ಒತ್ತಿರುತ್ತೀರಿ. ಅದನ್ನು ಮುರಿದರೆ ಫಲಿತಾಂಶ ರದ್ದು ಮಾಡಲು, ಸರ್ಟಿಫಿಕೇಟ್ ಕಿತ್ತುಕೊಳ್ಳಲು, ಮುಂದೆ ಪರೀಕ್ಷೆಗೆ ಕೂರದಂತೆ ತಡೆಯಲು ಸಿಸ್ಕೊಗೆ ಹಕ್ಕಿದೆ. ಶುಲ್ಕ 300 ಡಾಲರ್, ತೆರಿಗೆ ಬೇರೆ.

ಈಗ ಬಳಸುತ್ತಿರುವ ಉತ್ತರ ಇದು, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು (ಇದರಲ್ಲಿ ಬರುವ ಸಬ್‌ನೆಟ್ಟಿಂಗ್ ಅಂದರೆ ನೆಟ್‌ವರ್ಕ್ ವಿಳಾಸಗಳನ್ನು ಸಣ್ಣ ಗುಂಪುಗಳಾಗಿ ಭಾಗ ಮಾಡುವುದು, ಪಿಂಗ್ ಅಂದರೆ ಆ ಕಡೆಯ ಯಂತ್ರ ಉತ್ತರ ಕೊಡುತ್ತದೆಯೇ ಎಂದು ನೋಡುವುದು):

"ಡಂಪ್ ಅಂದರೆ ಹಳೇ ಪ್ರಶ್ನೆಪತ್ರಿಕೆ ಅಲ್ಲ, ಈಗ ನಡೆಯುತ್ತಿರುವ ಪರೀಕ್ಷೆಯಿಂದ ಹೊರಗೆ ಬಂದ ಪ್ರಶ್ನೆಗಳು. ಅದನ್ನು ಇಲ್ಲಿ ಯಾರೂ ಕೊಡುವುದಿಲ್ಲ, ನೀವು ಕೇಳಿದ್ದಕ್ಕೆ ಬೇಸರವೂ ಇಲ್ಲ. ಪರೀಕ್ಷೆಗೆ ಎಷ್ಟು ದಿನ ಇದೆ, ಸಬ್‌ನೆಟ್ಟಿಂಗ್ ಮಾಡಲು ಬರುತ್ತದೆಯೇ, ಇವೆರಡು ಹೇಳಿ. ಅಷ್ಟರಲ್ಲಿ ಈ ಫೈಲ್ ತೆರೆಯಿರಿ. ಪಿಸಿ1ರಿಂದ ಪಿಸಿ3ಕ್ಕೆ ಪಿಂಗ್ ಹೋಗುತ್ತಿಲ್ಲ. ಯಾಕೆಂದು ಕಂಡುಹಿಡಿದು ಬನ್ನಿ, ಸಿಕ್ಕದಿದ್ದರೂ ಬನ್ನಿ."

ಆ "ಸಿಕ್ಕದಿದ್ದರೂ ಬನ್ನಿ" ಎಂಬುದನ್ನು ದಯವಿಟ್ಟು ತೆಗೆಯಬೇಡಿ. ಹೊಸಬರು ವಾಪಸ್ ಬರುವುದು ಆ ಎರಡು ಪದದಿಂದ.

2ನೇ ವಾರ: ಉರು ಹೊಡೆದರೆ ಎಲ್ಲಿ ಕೈಕೊಡುತ್ತದೆ

"ನೀತಿ ಇರಲಿ, ಪಾಸಾದರೆ ಸಾಕಲ್ಲ" ಎನ್ನುವವರಿಗೂ ಉತ್ತರ ಬೇಕು. ಅವರೆಲ್ಲ ಸೋಮಾರಿಗಳಲ್ಲ. ಸಿಸ್ಕೊ ಪಾರ್ಟ್‌ನರ್ ಕಂಪನಿಗಳಲ್ಲಿ ಇಷ್ಟು ಜನ ಸರ್ಟಿಫಿಕೇಟ್ ಇರುವವರು ಬೇಕೆಂಬ ನಿಯಮ ಇರುತ್ತದೆ. ಮೇಲಿನವರು ಮೂರು ವಾರದ ಗಡುವು ಕೊಟ್ಟಿರುತ್ತಾರೆ, ಪಾಸಾದರೆ ಮಾತ್ರ ಶುಲ್ಕ ವಾಪಸ್. ಅಂಥವರಿಗೆ ಕೆಳಗಿನ ಪ್ರಶ್ನೆ ಕೊಡುತ್ತಿದ್ದೇವೆ. ಪ್ರಶ್ನೆ ನಾವೇ ಕಟ್ಟಿದ್ದು.

ರೂಟರ್‌ನ ಟೇಬಲ್‌ನಲ್ಲಿ ಎರಡು ದಾರಿ ಇವೆ. 10.1.1.0/24ಕ್ಕೆ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆದದ್ದು), 10.1.1.0/25ಕ್ಕೆ ಓಎಸ್‌ಪಿಎಫ್ ರೂಟ್ (ರೂಟರ್‌ಗಳು ತಾವೇ ಮಾತಾಡಿಕೊಂಡು ಕಲಿತದ್ದು). ಗೆರೆಯ ನಂತರದ ಅಂಕಿ, ವಿಳಾಸದ ಮೊದಲ ಎಷ್ಟು ಬಿಟ್ ಹೊಂದಬೇಕು ಎಂಬುದು. 10.1.1.20ಕ್ಕೆ ಹೊರಟ ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆ?

ಉರು ಹೊಡೆದವರು ಸ್ಟ್ಯಾಟಿಕ್ ಅಂತಾರೆ. ಸ್ಟ್ಯಾಟಿಕ್‌ನ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಯಾವ ಮೂಲದ ದಾರಿಯನ್ನು ಹೆಚ್ಚು ನಂಬಬೇಕೆಂಬ ಅಂಕಿ) 1, ಓಎಸ್‌ಪಿಎಫ್‌ನದು 110, ಕಡಿಮೆ ಇದ್ದದ್ದು ಗೆಲ್ಲುತ್ತದೆ ಎಂದು ಓದಿಕೊಂಡಿರುತ್ತಾರೆ. ಆ ಸೂತ್ರ ತಪ್ಪಲ್ಲ, ಆದರೆ ಒಂದೇ ಪ್ರಿಫಿಕ್ಸ್‌ಗೆ (ವಿಳಾಸ ಮತ್ತು ಗೆರೆಯ ನಂತರದ ಅಂಕಿಯ ಜೋಡಿಗೆ) ಇಬ್ಬರು ಪೈಪೋಟಿಗಿಳಿದಾಗ ಮಾತ್ರ ಅದಕ್ಕೆ ಕೆಲಸ. ಇಲ್ಲಿ ಪ್ರಿಫಿಕ್ಸ್ ಬೇರೆ ಬೇರೆ, ಎರಡೂ ಟೇಬಲ್‌ನಲ್ಲಿ ಕೂತಿವೆ, ಹೆಚ್ಚು ಬಿಟ್ ಹೊಂದುವ /25 ಗೆಲ್ಲುತ್ತದೆ. ಉತ್ತರ ಓಎಸ್‌ಪಿಎಫ್. ಈಗ 20ರ ಜಾಗದಲ್ಲಿ 200 ಹಾಕಿ. /25ರ ವ್ಯಾಪ್ತಿ 127ಕ್ಕೇ ಮುಗಿಯಿತು, ಆದ್ದರಿಂದ ಉತ್ತರ ಸ್ಟ್ಯಾಟಿಕ್. ಒಂದೇ ಅಂಕಿ ಬದಲಾಗಿದ್ದಕ್ಕೆ ಉತ್ತರ ತಿರುಗಿಬಿತ್ತು. ಪ್ರಶ್ನೆಯ ಮುಖ ನೋಡಿ ಗುರುತು ಹಿಡಿಯುವವರು ಇಲ್ಲೇ ಎಡವುತ್ತಾರೆ. ಪರೀಕ್ಷೆಯಲ್ಲಿ ಹಿಂದಿನ ಪ್ರಶ್ನೆಗೆ ಮರಳಿ ಹೋಗಿ ತಿದ್ದಲೂ ಆಗುವುದಿಲ್ಲ.

ಡಂಪ್‌ಗಳ ಇನ್ನೊಂದು ತೊಂದರೆ ಹಳಸಲುತನ. 200-301 ಶುರುವಾಗಿದ್ದು 2020ರ ಫೆಬ್ರವರಿ 24ಕ್ಕೆ, 1.1 ಆವೃತ್ತಿ ಬಂದದ್ದು 2024ರ ಆಗಸ್ಟ್ 20ಕ್ಕೆ. ಹೊಸದರಲ್ಲಿ, ಸಾಧನಗಳನ್ನು ತಾನಾಗಿ ಕಾನ್ಫಿಗರ್ ಮಾಡುವ ತಂತ್ರಾಂಶಗಳ ಪೈಕಿ ಪಪೆಟ್, ಶೆಫ್ ಹೋಗಿ ಟೆರಾಫಾರ್ಮ್ ಬಂದಿದೆ, ಆನ್ಸಿಬಲ್ ಉಳಿದಿದೆ. ಪಪೆಟ್ ಮತ್ತು ಶೆಫ್ ನಡುವಿನ ವ್ಯತ್ಯಾಸ ಕೇಳುವ, ಇಐಜಿಆರ್‌ಪಿ ಎಂಬ ಇನ್ನೊಂದು ರೂಟಿಂಗ್ ವಿಧಾನವನ್ನು ಕಾನ್ಫಿಗರ್ ಮಾಡಿಸುವ ಪಟ್ಟಿ ಸಿಕ್ಕರೆ ಅದು ಹಳೆಯ ಸರಕು.

3 ಮತ್ತು 4ನೇ ವಾರ: ಲ್ಯಾಬ್‌ಗಳು

ಹೆಚ್ಚು ಲ್ಯಾಬ್ ಬೇಕಾದದ್ದು ಐಪಿ ಕನೆಕ್ಟಿವಿಟಿಗೆ (ರೂಟಿಂಗ್ ವಿಭಾಗ), ಪರೀಕ್ಷೆಯಲ್ಲಿ ಅದರ ಪಾಲು 25 ಶೇಕಡ. ನೆಟ್‌ವರ್ಕ್ ಆ್ಯಕ್ಸೆಸ್‌ಗೆ 20, ಸೆಕ್ಯುರಿಟಿಗೆ 15. ಎಲ್ಲ ಲ್ಯಾಬ್‌ಗೂ ಸಾಮಾನು ಒಂದೇ: 2911 ರೂಟರ್ ಎರಡು, 2960 ಸ್ವಿಚ್ ಎರಡು, ಪಿಸಿ ನಾಲ್ಕು, ಸರ್ವರ್ ಎರಡು. ಪ್ರತಿ ಲ್ಯಾಬ್‌ಗೂ ಹೊಸ ನಕ್ಷೆ ಕೊಟ್ಟರೆ ಹೊಸಬರ ಅರ್ಧ ಹೊತ್ತು ನಕ್ಷೆ ಓದುವುದರಲ್ಲೇ ಕಳೆಯುತ್ತದೆ.

ಲ್ಯಾಬ್ 3, ಟ್ರಂಕ್, ಅಂದರೆ ಹಲವು ವಿಲ್ಯಾನ್‌ಗಳನ್ನು (ಒಂದೇ ಸ್ವಿಚ್‌ನಲ್ಲಿ ಬೇರೆ ಮಾಡಿಟ್ಟ ನೆಟ್‌ವರ್ಕ್‌ಗಳನ್ನು) ಹೊರುವ ಕೊಂಡಿ. ವಿಲ್ಯಾನ್ 10 ಓಡುತ್ತಿದೆ, ವಿಲ್ಯಾನ್ 20 ಹೊಸದಾಗಿ ಸೇರಬೇಕು. ನಾವು ಇಟ್ಟ ತಪ್ಪು: ಟ್ರಂಕ್ ಪೋರ್ಟ್‌ನಲ್ಲಿ "ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 20" ಎಂದು ಹೊಡೆದಿದೆ. ಇದು ಪಟ್ಟಿಗೆ 20 ಸೇರಿಸುವುದಿಲ್ಲ, ಪಟ್ಟಿಯನ್ನೇ ಅಳಿಸಿ 20 ಒಂದನ್ನೇ ಬಿಡುತ್ತದೆ. ವಿಲ್ಯಾನ್ 10ರಲ್ಲಿದ್ದವರೆಲ್ಲ ಆ ಕ್ಷಣವೇ ಕಡಿದುಹೋಗುತ್ತಾರೆ. "ವಿಲ್ಯಾನ್" ಮತ್ತು 20ರ ನಡುವೆ "ಆ್ಯಡ್" ಬೇಕು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಈ ತಪ್ಪು ಮಾಡಿದರೆ ಇಡೀ ಮಹಡಿಯ ನೆಟ್‌ವರ್ಕ್ ನಿಲ್ಲುತ್ತದೆ. "ಶೋ ಇಂಟರ್‌ಫೇಸಸ್ ಟ್ರಂಕ್" ನೋಡುವ ಅಭ್ಯಾಸ ಆಗಲೆಂದೇ ಈ ಲ್ಯಾಬ್ ಮುಂದಿಟ್ಟಿದ್ದೇವೆ.

ಲ್ಯಾಬ್ 6, ಡಿಎಚ್‌ಸಿಪಿ, ಅಂದರೆ ಪಿಸಿಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ. ಪಿಸಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿದೆ, ಅಂದರೆ ಸರ್ವರ್ ಸಿಕ್ಕಿಲ್ಲ. ಪಿಸಿಯ ಕೋರಿಕೆಯನ್ನು ಸರ್ವರ್‌ಗೆ ದಾಟಿಸುವ "ಐಪಿ ಹೆಲ್ಪರ್-ಅಡ್ರೆಸ್" ಇದೆ, ಆದರೆ ಸರ್ವರ್ ಕಡೆಯ ಇಂಟರ್‌ಫೇಸ್ ಮೇಲೆ. ಅದು ಪಿಸಿಗಳ ಕಡೆಯ ಇಂಟರ್‌ಫೇಸ್ ಮೇಲೆ ಇರಬೇಕು, ಪಿಸಿ ಎಲ್ಲರಿಗೂ ಕೂಗಿ ಕೇಳುವ ಬ್ರಾಡ್‌ಕಾಸ್ಟ್ ಬಂದು ಬೀಳುವುದು ಅಲ್ಲಿ.

ಲ್ಯಾಬ್ 9 ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು, ಎಸಿಎಲ್, ಅಂದರೆ ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ. ಪಿಸಿಗಳು 192.168.10.0/24ರಲ್ಲಿ, ವೆಬ್ ಸರ್ವರ್ 192.168.30.5, ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್ ಸರ್ವರ್ 192.168.30.6. ಪಿಸಿ ಕಡೆಯಿಂದ ಒಳಬರುವ ದಿಕ್ಕಿಗೆ ಎಸಿಎಲ್ 110 ಹಾಕಿದೆ. 10ನೇ ಸಾಲು ವೆಬ್ ಸರ್ವರ್‌ನ ಟಿಸಿಪಿ 80ಕ್ಕೆ (ವೆಬ್ ಪುಟ ಬರುವ ದಾರಿ) ಅನುಮತಿ, 20ನೇ ಸಾಲು "ಡಿನೈ ಐಪಿ ಎನಿ ಎನಿ", ಅಂದರೆ ಉಳಿದದ್ದೆಲ್ಲ ತಡೆ. ದೂರು: "ವೆಬ್‌ಸೈಟ್ ತೆರೆಯುತ್ತಿಲ್ಲ".

ಹೊಸಬರು ಮೊದಲು ಪಿಂಗ್ ಹೊಡೆಯುತ್ತಾರೆ. ಉತ್ತರ ಬರುವುದಿಲ್ಲ, ಸರ್ವರ್ ಬಿದ್ದಿದೆ ಅಂತಾರೆ. ಪಿಂಗ್ ಬಳಸುವ ಐಸಿಎಂಪಿಗೆ ಅನುಮತಿ ಇಲ್ಲದ ಕಡೆ ಪಿಂಗ್ ಏನನ್ನೂ ಹೇಳುವುದಿಲ್ಲ. ಬ್ರೌಸರ್‌ನಲ್ಲಿ ಹೆಸರಿನ ಬದಲು 192.168.30.5 ಹೊಡೆದರೆ ಪುಟ ತಕ್ಷಣ ಬರುತ್ತದೆ. ಅಲ್ಲಿಗೆ ವೆಬ್ ಸರ್ವರ್ ಸರಿ, ಹೆಸರು ಬಿಡಿಸುವುದೇ ಆಗುತ್ತಿಲ್ಲ, ಡಿಎನ್‌ಎಸ್ ಬಳಸುವ ಯುಡಿಪಿ 53 ತಡೆದಿದೆ ಎಂದು ಗೊತ್ತಾಯಿತು. ಎರಡನೇ ಬಲೆ ಇಲ್ಲಿದೆ. "ಆ್ಯಕ್ಸೆಸ್-ಲಿಸ್ಟ್ 110 ಪರ್ಮಿಟ್ ಯುಡಿಪಿ..." ಎಂದು ಹೊಡೆದರೆ ಸಾಲು ಪಟ್ಟಿಯ ಕೊನೆಗೆ, 30ನೆಯದಾಗಿ ಸೇರುತ್ತದೆ. 20ರಲ್ಲೇ ಎಲ್ಲ ತಡೆಯಾಗಿರುವುದರಿಂದ ಅಲ್ಲಿಗೆ ಪ್ಯಾಕೆಟ್ ತಲುಪುವುದೇ ಇಲ್ಲ. "ಐಪಿ ಆ್ಯಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ 110" ಒಳಗೆ ಹೋಗಿ ಸಾಲಿನ ಮುಂದೆ 15 ಎಂದು ನಂಬರ್ ಕೊಡಬೇಕು. "ಶೋ ಆ್ಯಕ್ಸೆಸ್-ಲಿಸ್ಟ್ಸ್" ನೋಡಿದರೆ ಯಾವ ಸಾಲಿಗೆ ಎಷ್ಟು ಪ್ಯಾಕೆಟ್ ತಾಗಿದವು ಎಂಬ ಲೆಕ್ಕ ಸಿಗುತ್ತದೆ. ತಪ್ಪು ಎಲ್ಲಿದೆ ಎಂದು ಆ ಅಂಕಿಯೇ ಬೆರಳು ಮಾಡಿ ತೋರಿಸುತ್ತದೆ.

ಹಳೇ ಐಒಎಸ್ (ಸಿಸ್ಕೊದ ಆಪರೇಟಿಂಗ್ ಸಿಸ್ಟಮ್) ರೂಟರ್ ಎರಡು ಸಿಕ್ಕವರಿಗೆ ಇದರ ಮುಂದುವರಿಕೆ. ಆರ್1, ಆರ್2 ನಡುವೆ ಓಎಸ್‌ಪಿಎಫ್ ಓಡಿಸಿ, ಆರ್2ನ ಆ ಇಂಟರ್‌ಫೇಸ್‌ಗೆ ಟಿಸಿಪಿ ಮಾತ್ರ ಬಿಡುವ ಎಸಿಎಲ್ ಒಳಮುಖವಾಗಿ ಹಾಕಿ. ಓಎಸ್‌ಪಿಎಫ್ ಟಿಸಿಪಿ ಬಳಸುವುದಿಲ್ಲ, ಆದರೂ ಕೂಡಲೇ ಏನೂ ಆಗುವುದಿಲ್ಲ. ಇದ್ದೇನೆ ಎಂದು ಹೇಳುವ ಹೆಲೋ ಸಂದೇಶ 10 ಸೆಕೆಂಡಿಗೊಮ್ಮೆ, ಅದು ಬಾರದಿದ್ದರೆ ಕಾಯುವ ಡೆಡ್ ಟೈಮರ್ 40 ಸೆಕೆಂಡ್, ಅಷ್ಟು ಹೊತ್ತಿನೊಳಗೆ ಆರ್2 ನೆರೆಯವನನ್ನು ಕೈಬಿಡುತ್ತದೆ. ಆಮೇಲೆ ಎರಡೂ ಕಡೆ "ಶೋ ಐಪಿ ಓಎಸ್‌ಪಿಎಫ್ ನೇಬರ್" ನೋಡಿ. ಆರ್2ರಲ್ಲಿ ಪಟ್ಟಿ ಖಾಲಿ, ಆರ್1ರಲ್ಲಿ ನೆರೆಯವನು ಇನಿಟ್ ಸ್ಥಿತಿಯಲ್ಲಿ (ಪರಿಚಯ ಒಂದೇ ಕಡೆ ಆದಾಗಿನದು) ನಿಂತಿದ್ದಾನೆ. ಆರ್1ಕ್ಕೆ ಆರ್2ನ ಹೆಲೋ ಇನ್ನೂ ಬರುತ್ತಿದೆ, ಆದರೆ ಅದರಲ್ಲಿ ತನ್ನ ಹೆಸರಿಲ್ಲ. ಇನಿಟ್ ಕಂಡ ಕಡೆ ತಪ್ಪು ಎದುರು ಬದಿಯಲ್ಲಿರಬಹುದು ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವರು ಮರೆಯುವುದಿಲ್ಲ.

5ನೇ ವಾರ: ಲ್ಯಾಬ್‌ಗಳೇ ಕೆಟ್ಟ ಬಗೆ

ನಾಲ್ಕು ಫೈಲುಗಳಲ್ಲಿ ಇಟ್ಟ ತಪ್ಪೇ ಮಾಯವಾಗಿತ್ತು. ರನ್ನಿಂಗ್ ಕಾನ್ಫಿಗ್‌ನಲ್ಲಿ (ಈಗ ಓಡುತ್ತಿರುವುದು) ತಪ್ಪಿಟ್ಟು ಸ್ಟಾರ್ಟಪ್‌ಗೆ (ಮತ್ತೆ ಹೊತ್ತಿಸಿದಾಗ ಓದುವುದು) ಉಳಿಸಿರಲಿಲ್ಲ. ಪವರ್ ಸೈಕಲ್ ಗುಂಡಿ ಒತ್ತಿದ ಕೂಡಲೇ ಹಳೆಯ, ಸರಿಯಾದ ಕಾನ್ಫಿಗ್ ವಾಪಸ್ ಬಂತು. ಈಗ ಫೈಲ್ ಹಂಚುವ ಮುಂಚೆ ಎಲ್ಲ ಸಾಧನವನ್ನೂ ಒಮ್ಮೆ ಆರಿಸಿ ಹೊತ್ತಿಸಿ ದೂರು ಹಾಗೇ ಇದೆಯೇ ಎಂದು ನೋಡುವುದು ಕಡ್ಡಾಯ.

ಅಂಕ ಕೊಡುವ ಪಿಕೆಎ ಫೈಲುಗಳಲ್ಲಿ ಇನ್ನೊಂದು ಅನ್ಯಾಯ ಆಗುತ್ತಿತ್ತು. ಕಾನ್ಫಿಗ್ ಸಾಲು ಹೋಲಿಸಿ ಅಂಕ ಕೊಟ್ಟರೆ, ಬೇರೆ ದಾರಿಯಲ್ಲಿ ಸರಿಯಾಗಿ ಬಿಡಿಸಿದವರಿಗೆ ಸೊನ್ನೆ. ಮೊದಲ ಸಲ ಕಷ್ಟಪಟ್ಟು ಬಿಡಿಸಿದವರಿಗೆ ತಪ್ಪು ಎಂದು ತೋರಿಸುವುದು ಬೈದು ಕಳಿಸಿದ್ದಕ್ಕಿಂತ ಕೆಟ್ಟದ್ದು. ಎಲ್ಲವನ್ನೂ ಕನೆಕ್ಟಿವಿಟಿ ಟೆಸ್ಟ್‌ಗೆ ಬದಲಾಯಿಸಿದ್ದೇವೆ: ಈ ಪಿಸಿಯಿಂದ ಅಲ್ಲಿಗೆ ಹೋಗಬೇಕು, ಅಲ್ಲಿಗೆ ಹೋಗಬಾರದು, ಅಷ್ಟೇ. ಎರಡು ಟಿಪ್ಪಣಿ ಪ್ರತಿ ಫೈಲಿನಲ್ಲೂ ಬೇಕಾದವು. ಮೊದಲ ಪಿಂಗ್ ಎಆರ್‌ಪಿ (ಎದುರಿನ ಯಂತ್ರದ ಹಾರ್ಡ್‌ವೇರ್ ವಿಳಾಸ ಹುಡುಕುವುದು) ಮುಗಿಯುವ ಮುಂಚೆ ಬಿದ್ದುಹೋಗುವುದು ಸಹಜ, ಇನ್ನೊಮ್ಮೆ ಹೊಡೆಯಿರಿ. ಸ್ವಿಚ್ ದೀಪ ಕಿತ್ತಳೆ ಇದ್ದರೆ ಸ್ವಿಚ್‌ಗಳ ನಡುವೆ ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀಗೆ 30 ಸೆಕೆಂಡ್ ಕೊಡಿ.

ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲ್ ಹಳೆಯ ಪ್ಯಾಕೆಟ್ ಟ್ರೇಸರ್‌ನಲ್ಲಿ ತೆರೆಯುವುದಿಲ್ಲ. ಫೈಲ್ ಹೆಸರಿನಲ್ಲೇ ಆವೃತ್ತಿ ಬರೆಯುತ್ತಿದ್ದೇವೆ.

6ನೇ ವಾರ: "ಏನು ಬಂತು?"

ಪರೀಕ್ಷೆ ಬರೆದು ಬಂದವರನ್ನು "ಏನೇನು ಬಂತು?" ಎಂದು ಕೇಳುವುದೂ ಒಪ್ಪಂದ ಮುರಿಸುವ ಪ್ರಶ್ನೆಯೇ, ಕೇಳುವವರಿಗೆ ಹಾಗೆ ಅನ್ನಿಸದಿದ್ದರೂ. ಅದರ ಬದಲು ಸ್ಕೋರ್ ರಿಪೋರ್ಟ್‌ನಲ್ಲಿ ಯಾವ ವಿಭಾಗದ ಶೇಕಡ ಕಮ್ಮಿ ಎಂದು ಕೇಳಿದರೆ ಸಾಕು. ಐಪಿ ಕನೆಕ್ಟಿವಿಟಿ ಕಮ್ಮಿ ಎಂದರೆ ಲ್ಯಾಬ್ 7, 8, 11 ಕೊಡುತ್ತೇವೆ. ಫೇಲಾದವರು ಮತ್ತೆ ಬರೆಯಲು 5 ದಿನ ಕಾಯಬೇಕು. ಆರನೇ ದಿನಕ್ಕೇ ಬುಕ್ ಮಾಡಬೇಡಿ ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಅಷ್ಟು ದಿನದಲ್ಲಿ ಒಂದು ವಿಭಾಗ ತುಂಬಿಕೊಳ್ಳುವುದು ಕಷ್ಟ, ಡಂಪ್ ಕಡೆ ಮನಸ್ಸು ಹೋಗುವುದೂ ಆ ಅವಸರದಲ್ಲೇ.

ರಿಪೇರಿಯಲ್ಲಿರುವ ಮೂರು: ನ್ಯಾಟ್ ಓವರ್‌ಲೋಡ್‌ನಲ್ಲಿ (ಹಲವು ಪಿಸಿ ಒಂದೇ ಹೊರ ವಿಳಾಸ ಹಂಚಿಕೊಳ್ಳುವುದು) ಇನ್‌ಸೈಡ್, ಔಟ್‌ಸೈಡ್ ಅದಲುಬದಲಾದ ಲ್ಯಾಬ್, ಈಥರ್‌ಚಾನೆಲ್‌ನ (ಹಲವು ಕೇಬಲ್ ಸೇರಿಸಿ ಮಾಡಿದ ಒಂದೇ ಕೊಂಡಿ) ಎರಡೂ ತುದಿ "ಪ್ಯಾಸಿವ್" ಆಗಿ ಯಾರೂ ಮಾತು ಶುರುಮಾಡದ ಲ್ಯಾಬ್, ಮತ್ತು ವೈರ್‌ಲೆಸ್ ಕಂಟ್ರೋಲರ್. ಕೊನೆಯದರ ಸೂಚನೆ ಎರಡು ಪುಟ ಆಗಿದೆ, ಅರ್ಧ ಪುಟಕ್ಕೆ ಇಳಿಸಬೇಕು. ಎಲ್ಲ ಸೂಚನೆಗಳನ್ನೂ ಕನ್ನಡದಲ್ಲಿ ಬರೆದು ಕಮಾಂಡ್ ಮಾತ್ರ ಇದ್ದಂತೆಯೇ ಬಿಡುವ ಕೆಲಸ ಲ್ಯಾಬ್ 5ರವರೆಗೆ ಬಂದಿದೆ.